ಆ ದಿನದ ಹವಾಮಾನ

ಒಂಬತ್ತು ಗುಂಡಿ, ಒಂಬತ್ತು ಬಿಳಿ ಪೆಟ್ಟಿಗೆ.
ಎಂಟರಲ್ಲಿ ಸಿಪಾಯಿಗಳು. ಕೊನೆಯದರಲ್ಲಿ ಓಸ್ಮೊ ಹಾಪಸಾರಿ,
ಯುದ್ಧ ವರದಿಗಾರ, ಮೂವತ್ತೊಂದು ವರ್ಷ,
ಅಕ್ಷರ ಬಿಡಿಸಿ ಬರೆಯದೆ ಟೈಪಿಸ್ಟುಗಳ ಬೈಗುಳ ತಿಂದವನು.

ಅವನನ್ನು ನಾನು ಕಂಡದ್ದು ಇದೇ ಮೊದಲು;
ಕಂಡದ್ದು ಅಂದರೆ, ಮೊಳೆ ಹೊಡೆದ ಹಲಗೆಯನ್ನು,
ಅದರ ಮೇಲಿನ ನೀಲಿ ಶಿಲುಬೆಯ ಬಾವುಟವನ್ನು.
ಆದರೂ ಮೂರು ವರ್ಷ ಅವನ ಒಂದೊಂದು ವಾಕ್ಯಕ್ಕೂ
ಹೆಲ್ಸಿಂಕಿಯ ಕಚೇರಿಯಲ್ಲಿ ಕೂತ ನಾನೇ ಮೊದಲ ಓದುಗ.
ಕೆಲವಕ್ಕೆ ನಾನೇ ಕೊನೆಯವನು.

ಕಷ್ಟದ ಕೆಲಸವಲ್ಲ.
ಸರೋವರದ ಹೆಸರು ಬಂದರೆ ಹೊಡೆ. ಸೇತುವೆ ಬಂದರೆ ಹೊಡೆ.
ಎಷ್ಟು ಜನ ಎಂಬ ಲೆಕ್ಕ ಬಂದರೆ ಹೊಡೆ.
ಬಿಸಿಲು, ಮಂಜು, ಗಾಳಿಯ ದಿಕ್ಕು,
ಹವಾಮಾನವೂ ಸೈನ್ಯದ ಗುಟ್ಟು.
ಹಾಗಾಗಿ ಓಸ್ಮೊನ ಯುದ್ಧದಲ್ಲಿ
ಮೂರು ವರ್ಷ ಒಮ್ಮೆಯೂ ಹಿಮ ಬೀಳಲಿಲ್ಲ.

ಒಮ್ಮೆ ಬರೆದಿದ್ದ: ಜೌಗಿನಲ್ಲಿ ಹೂತ ಕುದುರೆ,
ತಲೆ ಮಾತ್ರ ಮೇಲೆ,
ಅದರ ಕಿವಿಗೆ ಬಾಯಿಟ್ಟು ಗಾಡಿಯವನು
ಏನೋ ಹೇಳುತ್ತಿದ್ದಾನೆ, ನನಗೆ ಕೇಳಿಸಲಿಲ್ಲ.
ಅಷ್ಟನ್ನೂ ಹೊಡೆದು
'ಧೈರ್ಯಗೆಡಿಸುವಂಥದ್ದು' ಎಂದು ಅಂಚಿನಲ್ಲಿ ಗೀಚಿದೆ.
ರಾತ್ರಿ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.
ಅವಳು ಒಲೆಯ ಮುಂದಿನಿಂದ ತಿರುಗಿ ಕೇಳಿದಳು:
ಏನು ಹೇಳುತ್ತಿದ್ದನಂತೆ?

ಪಾದ್ರಿ ಪುಟ್ಟ ಸನಿಕೆಯಲ್ಲಿ ಮೂರು ಸಲ ಮರಳು ಹಾಕಿದರು.
ಇಲ್ಲಿಯ ನೆಲ ಪೂರಾ ಮರಳು, ಪೈನ್ ಬೇರು;
ತೋಡಿದಷ್ಟೂ ಜಾರಿ ಒಳಗೇ ಬೀಳುತ್ತದೆ.
ತೋಡಿದ ಇಬ್ಬರು ಮುದುಕರು, ಮೀಸೆ ಮೂಡದ ಒಬ್ಬ ಹುಡುಗ
ಬೇಲಿಗೊರಗಿ ಕಾಯುತ್ತಿದ್ದಾರೆ,
ಮುಗಿದ ಮೇಲೆ ಮುಚ್ಚಬೇಕಲ್ಲ.
ಗುಂಡು ಹಾರಿಸಲು ಆಸ್ಪತ್ರೆಯಿಂದ ಎಬ್ಬಿಸಿ ತಂದ ಗಾಯಾಳುಗಳು.
ಮೊದಲ ಸುತ್ತಿಗೆ ಒಬ್ಬನ ಬಂದೂಕು ಹಾರಲೇ ಇಲ್ಲ,
ಟಕ್ ಎಂದು ಸುಮ್ಮನಾಯಿತು.
ಓಸ್ಮೊ ಇದ್ದಿದ್ದರೆ ಅದನ್ನೇ ಬರೆಯುತ್ತಿದ್ದ.
ನಾನು ಅದನ್ನೇ ಹೊಡೆಯುತ್ತಿದ್ದೆ.

ಪೆನ್ನನ್ನು ಕತ್ತಿಯಂತೆ ಹಿಡಿದವನು, ಎಂದರು ಮೇಜರ್.
ಪೆನ್ನಲ್ಲ, ಪೆನ್ಸಿಲು. ಚಳಿಗೆ ಶಾಯಿ ಹೆಪ್ಪುಗಟ್ಟುತ್ತಿತ್ತು.
ಕೊನೆಗಳಿಗೆಯಲ್ಲಿ ಅದೂ ಕೈಯಲ್ಲಿರಲಿಲ್ಲ;
ಮೆಷಿನ್‌ಗನ್ನಿನವನಿಗೆ ಜೊತೆಯಾಳು ಉಳಿದಿರಲಿಲ್ಲವೆಂದು
ಪಕ್ಕದಲ್ಲಿ ಮಲಗಿ ಗುಂಡಿನ ಪಟ್ಟಿ ಎತ್ತಿಕೊಡುತ್ತಿದ್ದನಂತೆ.
ಅವನ ಚೀಲ ತಂದ ಸಾರ್ಜೆಂಟ್ ನನ್ನ ಮೇಜಿನ ಮುಂದೆ ನಿಂತು ಹೇಳಿದ,
ಚೀಲಕ್ಕೆ ರಸೀದಿ ಕೇಳಿದ, ಹೋದ.

ಅದೇ ಬೆಳಿಗ್ಗೆ ಬರೆದು ಮೋಟಾರ್‌ಸೈಕಲ್ಲಿನವನ ಕೈಗಿತ್ತ ವರದಿ
ಸಾವಿನ ತಂತಿಗಿಂತ ಎರಡು ದಿನ ತಡವಾಗಿ ಬಂತು.
ಗೊತ್ತಿದ್ದೂ ಪೆನ್ಸಿಲು ಹೆರೆದೆ.
ಮೂರು ಸಾಲು ಹೊಡೆದೆ.
ಸತ್ತವನಿಗೊಂದು ನಿಯಮವೆಂದು
ಕೈಪಿಡಿಯಲ್ಲಿ ಎಲ್ಲೂ ಇಲ್ಲ.

ಪತ್ರಿಕೆಯಲ್ಲಿ ಬಂತು: 'ಪೂರ್ವದಲ್ಲಿ ಎಲ್ಲೋ ಮಡಿದ.'
ಆ 'ಎಲ್ಲೋ' ನನ್ನದು.

ಚರ್ಚಿನ ಹಜಾರದಲ್ಲಿ ಹುರಿದ ಬೇರಿನ ಕಾಫಿ ಕೊಟ್ಟರು.
ತಾಯಿ ಹಿಲ್ಯಾ ಬಂದು ಎದುರು ನಿಂತಳು,
ಜುಲೈ ಬಿಸಿಲಲ್ಲೂ ತೋಳ ಮೇಲೊಂದು ಗಂಡಸಿನ ಕೋಟು,
ರಜೆಗೆ ಬಂದಾಗ ಮೊಳೆಯಲ್ಲೇ ಬಿಟ್ಟುಹೋದದ್ದಂತೆ.
ನೀವು ಕಚೇರಿಯವರಲ್ಲವೇ? ಅವನು ಎಲ್ಲಿ, ಗೊತ್ತೇ?

ಗೊತ್ತಿತ್ತು.
ಸರೋವರದ ಹೆಸರು, ದಡದ ಹಳ್ಳಿಯ ಹೆಸರು,
ನಾಲಿಗೆಯ ತುದಿಯಲ್ಲೇ ಇತ್ತು.
ಬಾಯಿ ತೆರೆದೆ.

ಬೆಳಿಗ್ಗೆ ಮಂಜಿತ್ತಮ್ಮಾ, ಅಂದೆ.
ಒಂಬತ್ತರ ಹೊತ್ತಿಗೆ ಕರಗಿತು.
ಆಮೇಲೆ ತೆಳ್ಳಗೆ ಬಿಸಿಲು. ಗಾಳಿ ನೈಋತ್ಯದ್ದು,
ಎಲೆ ಅಲುಗುವಷ್ಟು.

ಆಕೆ ತಲೆಯಾಡಿಸಿದಳು,
ಹುಲ್ಲು ಕೊಯ್ಯಲು ಹೋದ ಮಗನ ಸುದ್ದಿ ಕೇಳಿದವಳ ಹಾಗೆ.
ಹಾಗಾದರೆ, ಎಂದಳು, ಕೋಟಿನ ಮಡಿಕೆ ಸರಿಮಾಡುತ್ತಾ,
ಅವನಿಗೆ ಇದು ಬೇಕಾಗಿರಲಿಲ್ಲ.